ಬಾಗಿಲು ತಪ್ಪಿದವನನ್ನು ಬೀದಿಗೆ ತಳ್ಳಬೇಡಿರಿ



ಕೋರ್ಟಿನ ಕಟ್ಟೆ ಹತ್ತಿದವರ ಬಗ್ಗೆ ನಮ್ಮ ಹಿರಿಯರು ಒಂದು ಮಾತು ಹೇಳುತ್ತ ಬಂದಿದ್ದಾರೆ: ಗೆದ್ದವ ಸೋತ, ಸೋತವ ಸತ್ತ. ಈ ಮಾತಿನಲ್ಲಿ ಸೇರದೆ ಹೋದ ಮೂರನೆಯವನೊಬ್ಬ ಇದ್ದಾನೆ. ಅವನು ಗೆಲ್ಲಲಿಲ್ಲ, ಸೋಲಲೂ ಇಲ್ಲ. ಅವನ ದಾವೆ ಸುಳ್ಳೆಂದು ಯಾರೂ ಹೇಳಲಿಲ್ಲ, ನಿಜವೆಂದೂ ಹೇಳಲಿಲ್ಲ. ವರ್ಷಗಟ್ಟಲೆ ಅಲೆದ ಮೇಲೆ, 'ನೀನು ಬರಬೇಕಾದದ್ದು ಈ ಕೋರ್ಟಿಗಲ್ಲ' ಎಂದು ಕಾಗದವನ್ನು ಅವನ ಕೈಗೇ ಮರಳಿಸಿದರು. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ನಮ್ಮ ದುಡಿಯುವ ಜನರಲ್ಲಿ ಅಂಥವನ ಮುಖವನ್ನು ನಾವು ನೋಡಿದ್ದೇವೆ. ಅವನ ಪರವಾಗಿ ಇಂದು ಸ್ವಲ್ಪ ಕಟುವಾಗಿಯೇ ಬರೆಯುತ್ತೇವೆ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇವೆ, ಹೆಸರುಗಳು ಬೇಡ. ಗಡಹಿಂಗ್ಲಜ ಕಡೆಯ ನಮ್ಮ ಸಹೋದರನೊಬ್ಬ ಇಚಲಕರಂಜಿಯಲ್ಲಿ ಹದಿನಾಲ್ಕು ವರ್ಷ ಯಂತ್ರಮಗ್ಗ ನಡೆಸಿದ. ಪಗಾರದಲ್ಲಿ ಉಳಿದದ್ದನ್ನು ಮಾಲೀಕನ ಹತ್ತಿರವೇ ಇಡುತ್ತ ಬಂದ. ಬ್ಯಾಂಕಿನ ವೇಳೆಗೆ ಮಗ್ಗ ಬಿಟ್ಟು ಹೋಗುವಂತಿರಲಿಲ್ಲ, ಮಾಲೀಕನ ಮೇಲೆ ನಂಬಿಗೆಯೂ ಇತ್ತು. ಮಗಳ ಮದುವೆಗೆಂದು ಕೂಡಿಸಿದ ಆ ಹಣ 1,80,000 ರೂಪಾಯಿ ಆಗಿತ್ತು. ದಿವಾಣಜಿ ಬರೆದ ಒಂದು ಚೀಟಿ, ಅದರ ಕೆಳಗೆ ಮಾಲೀಕನ ಸಹಿ, ಹಣ ಕೊಟ್ಟದ್ದನ್ನು ಕಣ್ಣಾರೆ ಕಂಡ ಪಕ್ಕದ ಮಗ್ಗದ ಗೆಳೆಯ: ಅವನ ಹತ್ತಿರ ಇದ್ದ ಆಧಾರ ಇಷ್ಟೇ. ಮೈಯಲ್ಲಿ ಶಕ್ತಿ ಕುಂದಿ ಊರಿಗೆ ಮರಳಿದ ಮೇಲೆ ಹಣ ಕೇಳಿದ. ಮೊದಲು ಇಂದು ನಾಳೆ ಎಂದರು. ಆಮೇಲೆ ಎಂಥ ಹಣ, ಯಾರ ಹಣ ಎಂದರು.

ಅವನು ನಮ್ಮ ಬಳಿಗೆ ಬಂದ. ಇಲ್ಲಿ ನಮ್ಮ ತಪ್ಪನ್ನು ನಾವೇ ಒಪ್ಪಿಕೊಳ್ಳಬೇಕು. 'ನಿನ್ನ ಊರಿಗೆ ಹತ್ತಿರದ ಕೋರ್ಟಿನಲ್ಲಿಯೇ ಹಾಕಪ್ಪಾ, ಬಸ್ಸಿನ ಖರ್ಚಾದರೂ ಉಳಿಯುತ್ತದೆ' ಎಂದು ಬುದ್ಧಿ ಹೇಳಿದವರು ನಾವೇ. ವಕೀಲರೂ ಬೇಡವೆನ್ನಲಿಲ್ಲ. ದಾವೆ ದಾಖಲಾಯಿತು. ಪ್ರತಿವಾದಿಯ ಕೈಫಿಯತ್ತು ಬಂತು. ಅದರ ಕೊನೆಯಲ್ಲಿ ಒಂದೇ ಸಾಲು: ಈ ದಾವೆ ನಡೆಸಲು ಈ ನ್ಯಾಯಾಲಯಕ್ಕೆ ಅಧಿಕಾರವಿಲ್ಲ. ಆ ಸಾಲನ್ನು ಅವರೂ ಮೇಲೆತ್ತಲಿಲ್ಲ, ನಾವೂ ಓದಿ ಅರಿಯಲಿಲ್ಲ. ತಾರೀಖಿನ ಮೇಲೆ ತಾರೀಖು ಬಿದ್ದು ನಾಲ್ಕು ವರ್ಷ ಕಳೆಯಿತು. ಆ ಗೆಳೆಯ ಒಂದು ದಿನದ ಪಗಾರ ಬಿಟ್ಟು ಬಂದು, ಪಾಟೀಸವಾಲಿಗೂ ಹೆದರದೆ, ಕಂಡದ್ದನ್ನು ಕಂಡ ಹಾಗೆ ಹೇಳಿ ಹೋದ. ಎಲ್ಲ ಮುಗಿದು ವಾದದ ದಿನ ಬಂದಾಗ ಎದುರು ಪಕ್ಷದವರು ಜೇಬಿನಿಂದ ತೆಗೆದ ಹಾಗೆ ಆ ಒಂದು ಸಾಲನ್ನು ತೆಗೆದರು. ಹಣ ಕೊಟ್ಟದ್ದು ಇಚಲಕರಂಜಿಯಲ್ಲಿ. ಮಾಲೀಕ ವಾಸ ಮಾಡುವುದೂ ವ್ಯಾಪಾರ ಮಾಡುವುದೂ ಅಲ್ಲಿಯೇ. ಹಣವನ್ನು ಇವನ ಊರಿಗೆ ತಂದು ಕೊಡಬೇಕೆಂಬ ಮಾತು ಚೀಟಿಯಲ್ಲಿ ಇರಲಿಲ್ಲ. ನ್ಯಾಯಾಧೀಶರು ವಾದಪತ್ರವನ್ನು ಮರಳಿಸಿದರು. ಅವರು ಕಾನೂನು ತಪ್ಪಿದರೆಂದು ನಾವು ಹೇಳುವುದಿಲ್ಲ. ಅವರ ಮುಂದೆ ಬಂದದ್ದು ಅಷ್ಟೇ.

ಇಚಲಕರಂಜಿಯಲ್ಲಿ ಎಲ್ಲವೂ ಮೊದಲಿನಿಂದ ಸುರುವಾಯಿತು. ಹೊಸ ವಕಾಲತ್ತು, ಹೊಸ ತಾರೀಖು, ಹೊಸದಾಗಿ ಸಾಕ್ಷಿ. ಆ ಗೆಳೆಯನ ಮನೆಗೆ ಹೋದೆವು. ಅವನು ನಮ್ಮ ಮುಖ ನೋಡಲಿಲ್ಲ. ಈ ನಾಲ್ಕು ವರ್ಷಗಳಲ್ಲಿ ಅವನ ಮಗ ಅದೇ ಮಾಲೀಕನ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದ. 'ಒಮ್ಮೆ ಹೇಳಿದೆನಲ್ಲ ಅಣ್ಣಾ, ಆ ಮಾತು ಎಲ್ಲಿ ಹೋಯಿತು?' ಎಂದು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಸಮನ್ಸು ಕಳಿಸಿ ಮನುಷ್ಯನನ್ನು ಕರೆಸಬಹುದು. ಬಾಯಿ ತೆರೆಸುವ ಸಮನ್ಸು ಯಾವ ಕೋರ್ಟಿನಲ್ಲೂ ಇಲ್ಲ. ಕೊನೆಗೆ 70,000 ರೂಪಾಯಿಗೆ ರಾಜಿಯಾಯಿತು. ಮಗಳ ಮದುವೆ ಅಷ್ಟರಲ್ಲಿ ಸಾಲದ ಮೇಲೆ ಆಗಿಹೋಗಿತ್ತು.

'ಆ ಮಾತು ಎಲ್ಲಿ ಹೋಯಿತು?' ಈ ಪ್ರಶ್ನೆಯನ್ನು ನಾವು ಮರೆಯಲಾರದೆ ಬಲ್ಲವರನ್ನು ಕೇಳಿದೆವು, ಕಾಯ್ದೆಯ ಪುಸ್ತಕ ತಿರುವಿಸಿ ನೋಡಿದೆವು. ಆಗ ತಿಳಿದುಬಂದದ್ದು ನಮ್ಮನ್ನು ಇನ್ನಷ್ಟು ನೋಯಿಸಿತು. ಆ ಮಾತನ್ನು ಉಳಿಸಿಕೊಳ್ಳುವ ದಾರಿ ಕಾಯ್ದೆಯಲ್ಲಿಯೇ ಇತ್ತು. ಯಾರೂ ನಮಗೆ ಹೇಳಲಿಲ್ಲ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ತಪ್ಪು ಕೋರ್ಟಿಗೆ ಬಂದ ದಾವೆಗೆ ಎರಡು ದಾರಿಗಳಿವೆ. ಒಂದು, 7ನೇ ಆದೇಶದ 10ನೇ ನಿಯಮ. ಅದರ ಪ್ರಕಾರ ದಾವೆ ಯಾವ ಹಂತದಲ್ಲಿದ್ದರೂ ವಾದಪತ್ರವನ್ನು ಮರಳಿಸಿ, ಸರಿಯಾದ ಕೋರ್ಟಿಗೆ ಒಯ್ಯಲು ಹೇಳಬಹುದು. ಇನ್ನೊಂದು, 24ನೇ ಕಲಂ. ಅದರ ಪ್ರಕಾರ ಜಿಲ್ಲಾ ನ್ಯಾಯಾಲಯ ಅಥವಾ ಉಚ್ಚ ನ್ಯಾಯಾಲಯವು ತನ್ನ ಕೈಕೆಳಗಿನ ಒಂದು ಕೋರ್ಟಿನಿಂದ ದಾವೆಯನ್ನು ತೆಗೆದು, ಅದನ್ನು ನಡೆಸಲು ಅಧಿಕಾರವಿರುವ ಇನ್ನೊಂದು ಕೋರ್ಟಿಗೆ ವರ್ಗಾಯಿಸಬಹುದು. ಕಕ್ಷಿಗಾರರು ಅರ್ಜಿ ಕೊಟ್ಟರೂ ಸರಿ, ನ್ಯಾಯಾಲಯ ತಾನಾಗಿಯೇ ಮಾಡಿದರೂ ಸರಿ. ವರ್ಗವಾಗಿ ಬಂದ ದಾವೆಯನ್ನು ಹೊಸ ಕೋರ್ಟು ಮೊದಲಿನಿಂದ ನಡೆಸಬಹುದು, ಇಲ್ಲವೆ ನಿಂತ ಹಂತದಿಂದಲೇ ಮುಂದುವರಿಸಬಹುದು. ಅಂದರೆ ಹೇಳಿದ ಸಾಕ್ಷಿಯನ್ನು ಉಳಿಸಿಕೊಳ್ಳುವುದಕ್ಕೆ ಅಲ್ಲಿ ಆಸ್ಪದವುಂಟು.

ಈ ಎರಡನೆಯ ದಾರಿ ಸುಮ್ಮನೆ ಸಿಕ್ಕಿದ್ದಲ್ಲ. 1886ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ 'ಲೆಡ್ಗರ್ಡ್ ವಿರುದ್ಧ ಬುಲ್' ಮೊಕದ್ದಮೆಯಲ್ಲಿ, ಅಧಿಕಾರವೇ ಇಲ್ಲದ ಕೋರ್ಟಿನಲ್ಲಿ ಹೂಡಿದ ದಾವೆಯನ್ನು ವರ್ಗಾಯಿಸಲು ಬರುವುದಿಲ್ಲವೆಂದು ತೀರ್ಪಿತ್ತಿತು. ಬ್ರಿಟಿಷರು ಹೋದರು, ಅವರ ಈ ಮಾತು ಉಳಿಯಿತು. ಸುಮಾರು ತೊಂಬತ್ತು ವರ್ಷಗಳ ನಂತರ ನಮ್ಮ ಸಂಸತ್ತು 1976ರ ತಿದ್ದುಪಡಿಯಿಂದ 24ನೇ ಕಲಮಿಗೆ ಐದನೆಯ ಉಪಕಲಮನ್ನು ಸೇರಿಸಿತು: ನಡೆಸಲು ಅಧಿಕಾರವಿಲ್ಲದ ಕೋರ್ಟಿನಿಂದಲೂ ದಾವೆಯನ್ನು ವರ್ಗಾಯಿಸಬಹುದು. 1977ರ ಫೆಬ್ರುವರಿ 1ರಿಂದ ಇದು ಜಾರಿಯಲ್ಲಿದೆ. ಗಡಹಿಂಗ್ಲಜ ಮತ್ತು ಇಚಲಕರಂಜಿಯ ಸಿವಿಲ್ ಕೋರ್ಟುಗಳೆರಡೂ ಕೊಲ್ಲಾಪುರ ಜಿಲ್ಲೆಯವೇ. ಹೀಗಿರುವಲ್ಲಿ, ವಾದಪತ್ರ ಮರಳಿಸುವ ಮುಂಚೆ ಕೊಲ್ಲಾಪುರದ ಜಿಲ್ಲಾ ನ್ಯಾಯಾಧೀಶರ ಮುಂದೆ ಒಂದು ಅರ್ಜಿ ಹೋಗಿದ್ದರೆ ನಮ್ಮ ಸಹೋದರನ ನಾಲ್ಕು ವರ್ಷ ಉಳಿಯುವ ಆಸೆಯಿತ್ತು. ಮರಳಿಸಿದ ಮೇಲೆ ಅಲ್ಲಿ ವರ್ಗಾಯಿಸಲು ದಾವೆಯೇ ಇರುವುದಿಲ್ಲ.

ಮೊದಲ ದಾರಿ ಎಷ್ಟು ಕಠಿಣವೆಂಬುದನ್ನು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು 2020ರ ಆಗಸ್ಟಿನಲ್ಲಿ 'ಇಎಕ್ಸ್‌ಎಲ್ ಕೆರಿಯರ್ಸ್' ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. 10ನೇ ನಿಯಮದ ಕೆಳಗೆ ವಾದಪತ್ರ ಮರಳಿತೆಂದರೆ ಹೊಸ ಕೋರ್ಟಿನಲ್ಲಿ ದಾವೆ ಮೊದಲಿನಿಂದಲೇ ನಡೆಯಬೇಕು. ನಿಂತ ಹಂತದಿಂದ ಮುಂದುವರಿಸುವ ವಿವೇಚನೆ ಅಲ್ಲಿ ಇಲ್ಲ. ವರ್ಗಾವಣೆಯ ಕಲಮುಗಳಲ್ಲಿ ಆ ವಿವೇಚನೆ ಇದೆಯೆಂಬ ಅಂತರವನ್ನೂ ಅದೇ ತೀರ್ಪು ಎತ್ತಿ ತೋರಿಸಿದೆ. ನೋಡಿರಿ, ತಪ್ಪು ಒಂದೇ. ಆದರೆ ಅರ್ಜಿಯ ತಲೆಬರಹ ಬೇರೆಯಾದ ಮಾತ್ರಕ್ಕೆ ಒಬ್ಬನ ಸಾಕ್ಷಿ ಉಳಿಯುತ್ತದೆ, ಇನ್ನೊಬ್ಬನ ಸಾಕ್ಷಿ ಕಸವಾಗುತ್ತದೆ. ಬಲ್ಲ ವಕೀಲರನ್ನು ಹಿಡಿಯಬಲ್ಲವನು ಮೊದಲನೆಯವನು. ಎರಡನೆಯವನು ಯಾರೆಂದು ಹೇಳಬೇಕಾಗಿಲ್ಲ.

'ಅವಧಿ ಮೀರದಂತೆ ಕಾನೂನೇ ರಕ್ಷಣೆ ಕೊಟ್ಟಿದೆಯಲ್ಲ' ಎನ್ನುವವರುಂಟು. ಕೊಟ್ಟಿದೆ, ಅಲ್ಲಗಳೆಯುವುದಿಲ್ಲ. 1963ರ ಅವಧಿ ಕಾಯ್ದೆಯ 14ನೇ ಕಲಮಿನಂತೆ, ಎಚ್ಚರಿಕೆಯಿಂದಲೂ ಒಳ್ಳೆಯ ಮನಸ್ಸಿನಿಂದಲೂ ತಪ್ಪು ಕೋರ್ಟಿನಲ್ಲಿ ಕಳೆದ ಕಾಲವನ್ನು ಲೆಕ್ಕದಿಂದ ಬಿಡಲಾಗುತ್ತದೆ. ಆದರೆ ಹಾಗೆ ಕಳೆದದ್ದೆಂದು ತೋರಿಸುವ ಭಾರ ಬಡವನ ಮೇಲೆಯೇ. ಅಲ್ಲದೆ ಆ ಕಲಂ ಕಾಲವನ್ನು ಮಾತ್ರ ಮರಳಿ ಕೊಡುತ್ತದೆ. ಬಿಟ್ಟ ಪಗಾರವನ್ನು ಕೊಡುವುದಿಲ್ಲ, ಬಸ್ಸಿನ ಹಣವನ್ನು ಕೊಡುವುದಿಲ್ಲ, ಒಮ್ಮೆ ಧೈರ್ಯ ಮಾಡಿದ ಗೆಳೆಯನ ಧೈರ್ಯವನ್ನಂತೂ ಕೊಡುವುದೇ ಇಲ್ಲ.

'ನಿಯಮ ಸಡಿಲಿಸಿದರೆ ಹಣವಂತರು ಬೇಕೆಂದಲ್ಲಿ ದಾವೆ ಹಾಕಿ ಬಡವರನ್ನು ದೂರದ ಊರಿಗೆ ಎಳೆದಾರು' ಎಂಬ ಮಾತೂ ಇದೆ. ಇದು ತೂಕದ ಮಾತು. ಪ್ರತಿವಾದಿ ಇರುವ ಕಡೆ, ಇಲ್ಲವೆ ವ್ಯವಹಾರ ನಡೆದ ಕಡೆ ದಾವೆ ಹಾಕಬೇಕೆಂಬ 20ನೇ ಕಲಂ ನಮ್ಮಂಥವರನ್ನೂ ಕಾಯುತ್ತದೆ. ಪುಣೆಯ ಸಾಹುಕಾರ ಗಡಹಿಂಗ್ಲಜದ ರೈತನನ್ನು ಮನಸ್ಸಿಗೆ ಬಂದ ಹಾಗೆ ಪುಣೆಗೆ ಎಳೆಯಬಾರದು. ಆದದ್ದರಿಂದ ತಪ್ಪು ಕೋರ್ಟೇ ತೀರ್ಪು ಕೊಡಲಿ ಎಂದು ನಾವು ಕೇಳುವುದಿಲ್ಲ. ದಾವೆ ಸರಿಯಾದ ಕೋರ್ಟಿಗೇ ಹೋಗಲಿ. ಆದರೆ ಕಡತದೊಡನೆ ಹೋಗಲಿ, ಸಾಕ್ಷಿಯೊಡನೆ ಹೋಗಲಿ. ಕುಯುಕ್ತಿಯಿಂದ ದೂರದ ಕೋರ್ಟು ಹಿಡಿದವನ ಮೇಲೆ ಖರ್ಚು ಹೊರಿಸಲಿ, ಬೇಕಾದರೆ ಅವನ ದಾವೆಯನ್ನು ಮೊದಲಿನಿಂದಲೇ ನಡೆಸಲಿ. ಅರಿಯದೆ ತಪ್ಪಿದವನಿಗೂ ಅರಿತು ತಪ್ಪಿದವನಿಗೂ ಒಂದೇ ಶಿಕ್ಷೆ ಯಾಕೆ?

ಅರಿತವರು ಇನ್ನೊಂದು ಕಡೆಯಲ್ಲೂ ಇದ್ದಾರೆ. ನಾಲ್ಕು ವರ್ಷ ಆ ಒಂದು ಸಾಲನ್ನು ಜೇಬಿನಲ್ಲಿ ಇಟ್ಟುಕೊಂಡು ಕುಳಿತ ಪ್ರತಿವಾದಿಯ ಮಾತು ಹೇಳುತ್ತೇವೆ. 21ನೇ ಕಲಮಿನಂತೆ ಸ್ಥಳದ ಬಗೆಗಿನ ತಕರಾರನ್ನು ಮೊದಲಿಗೇ, ವಿವಾದಾಂಶಗಳು ನಿಗದಿಯಾಗುವ ಮುಂಚೆಯೇ ಎತ್ತಬೇಕು. ಎತ್ತದಿದ್ದರೆ ಮೇಲಿನ ಕೋರ್ಟಿನಲ್ಲಿ ಅದಕ್ಕೆ ಸಾಮಾನ್ಯವಾಗಿ ಬೆಲೆಯಿಲ್ಲ. ಅದಕ್ಕಾಗಿಯೇ ಕೈಫಿಯತ್ತಿನಲ್ಲಿ ಒಂದು ಸಾಲು ಬರೆದಿಡುತ್ತಾರೆ. ದಾವೆ ತಮಗೆ ಅನುಕೂಲವಾಗಿ ಸಾಗಿದರೆ ಸುಮ್ಮನಿರುತ್ತಾರೆ, ಸಾಗದಿದ್ದರೆ ತೆಗೆಯುತ್ತಾರೆ. ಅಧಿಕಾರದ ಪ್ರಶ್ನೆಯನ್ನು ಮೊದಲೇ ತೀರ್ಮಾನಿಸಲು 14ನೇ ಆದೇಶದ 2ನೇ ನಿಯಮದಲ್ಲಿ ಅವಕಾಶವಿದೆ. ಕೈಫಿಯತ್ತು ಬಂದ ದಿನವೇ ವಾದಿಯ ವಕೀಲರು ಅದನ್ನು ಕೇಳಬೇಕು. ಕೇಳದ ವಕೀಲರಿಗೆ ಯಾವ ನಷ್ಟವೂ ಇಲ್ಲ; ಪ್ರತಿ ತಾರೀಖಿಗೂ ಅವರ ಹಣ ಅವರಿಗೆ ಮುಟ್ಟಿದೆ.

ಸುವಾರ್ತೆಯಲ್ಲಿಯೂ ಅಧಿಕಾರ ವ್ಯಾಪ್ತಿಯ ಪ್ರಶ್ನೆಯೊಂದು ಬರುತ್ತದೆಂಬುದನ್ನು ನೀವು ಬಲ್ಲಿರಿ. ಆಪಾದಿತನು ಗಲಿಲಾಯದವನೆಂದು ಕೇಳಿದ ಕೂಡಲೇ ಪಿಲಾತನು ಆತನನ್ನು ಹೆರೋದನ ಬಳಿಗೆ ಕಳುಹಿಸಿದನು. ಹೆರೋದನು ಹಾಸ್ಯ ಮಾಡಿ ತಿರುಗಿ ಅಲ್ಲಿಗೇ ಅಟ್ಟಿದನು. ಇಬ್ಬರೂ ಕಡತವನ್ನು ಸಾಗಿಸಿದರು, ನ್ಯಾಯವನ್ನು ಯಾರೂ ಮಾಡಲಿಲ್ಲ. 'ಇದು ನನ್ನ ವ್ಯಾಪ್ತಿಯಲ್ಲ' ಎಂಬ ಮಾತು ನಿಜವಾಗಿರಬಹುದು. ಆದರೆ ಅದನ್ನು ಕೈ ತೊಳೆದುಕೊಳ್ಳುವುದಕ್ಕೂ ಬಳಸಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಾಗಿಲ್ಲ.

ಜಿಲ್ಲೆಯೊಳಗಿನ ಮಾತಾಯಿತು. ಗಡಿಯಲ್ಲಿ ವಾಸಿಸುವ ನಮಗೆ ಇನ್ನೊಂದು ಸಂಕಟವಿದೆ. ಗಡಹಿಂಗ್ಲಜದಲ್ಲಿ ಹರಿಯುವ ಹಿರಣ್ಯಕೇಶಿಯೇ ಮುಂದೆ ಸಂಕೇಶ್ವರದಲ್ಲಿ ಹರಿಯುತ್ತದೆ. ಸಂಕೇಶ್ವರ, ನಿಪ್ಪಾಣಿ ಹಾದು ಕೊಲ್ಲಾಪುರಕ್ಕೆ ಹೋಗುವ ಬಸ್ಸು ಮಹಾರಾಷ್ಟ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಮಹಾರಾಷ್ಟ್ರಕ್ಕೆ ಬರುತ್ತದೆ. ಹೆಣ್ಣು ಕೊಡುವುದು ಆಚೆ, ತರುವುದು ಈಚೆ. ದುಡಿಯುವುದು ಇಲ್ಲಿ, ತುಂಡು ಹೊಲ ಇರುವುದು ಅಲ್ಲಿ. ಕಾಯ್ದೆಯ 16ನೇ ಕಲಮಿನಂತೆ ಹೊಲದ ದಾವೆಯನ್ನು ಹೊಲ ಇರುವ ಕಡೆಯ ಕೋರ್ಟಿನಲ್ಲಿಯೇ ಹಾಕಬೇಕು. ತವರಿನ ಹೊಲದಲ್ಲಿ ತನ್ನ ಪಾಲು ಕೇಳುವ ಸಹೋದರಿ ಗಡಹಿಂಗ್ಲಜದಲ್ಲಿ ಬಾಳುತ್ತಿದ್ದರೂ, ಹೊಲ ಹುಕ್ಕೇರಿ ತಾಲ್ಲೂಕಿನದಾದರೆ ಅವಳು ಹೋಗಬೇಕಾದದ್ದು ಕರ್ನಾಟಕದ ಕೋರ್ಟಿಗೆ. ಅರಿಯದೆ ಈಚೆ ಹಾಕಿದಳೆನ್ನಿ. ಕೊಲ್ಲಾಪುರದ ಜಿಲ್ಲಾ ನ್ಯಾಯಾಧೀಶರು ಅದನ್ನು ಆಚೆ ಕಳುಹಿಸಲಾರರು, ಉಚ್ಚ ನ್ಯಾಯಾಲಯವೂ ಕಳುಹಿಸಲಾರದು. ಒಂದು ರಾಜ್ಯದ ಕೋರ್ಟಿನಿಂದ ಇನ್ನೊಂದು ರಾಜ್ಯದ ಕೋರ್ಟಿಗೆ ವರ್ಗಾಯಿಸುವ ಅಧಿಕಾರ 25ನೇ ಕಲಮಿನಂತೆ ದಿಲ್ಲಿಯ ಸುಪ್ರೀಂ ಕೋರ್ಟಿಗೆ ಮಾತ್ರ. ನೆರೆಯ ತಾಲ್ಲೂಕಿಗೆ ಒಂದು ಕಡತ ಹೋಗಲು ದಿಲ್ಲಿ ಹಾದು ಬರಬೇಕು! ಆ ಬಡವಿಗೆ ಉಳಿಯುವುದು ವಾದಪತ್ರ ಮರಳಿ ಪಡೆಯುವ ದಾರಿಯೊಂದೇ. ಮರಾಠಿಯಲ್ಲಿ ನಡೆದ ಕಡತ ಈಚೆಯೇ ಉಳಿಯುತ್ತದೆ. ಆಚೆ ಕನ್ನಡದಲ್ಲಿ ಮತ್ತೆ ಮೊದಲ ಅಕ್ಷರದಿಂದ ಸುರು.

ಸರಕಾರಗಳಿಗಾದರೆ ಇಂಥ ಪ್ರಶ್ನೆಯಲ್ಲಿ ವರ್ಷಗಳನ್ನು ಕಳೆಯುವ ಶಕ್ತಿಯಿದೆ. ಗಡಿಯ ಬಗ್ಗೆ ಮಹಾರಾಷ್ಟ್ರವು 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಗೆ ಕರ್ನಾಟಕದ ಮುಖ್ಯ ಉತ್ತರವೂ ಇಂಥದೇ: ರಾಜ್ಯಗಳ ಗಡಿ ಬದಲಿಸುವ ಅಧಿಕಾರ ಸಂಸತ್ತಿನದು, ನ್ಯಾಯಾಲಯದ್ದಲ್ಲ. ಆ ವಾದದ ಸರಿತಪ್ಪು ಇಲ್ಲಿ ನಮ್ಮ ವಿಷಯವಲ್ಲ. ದೊಡ್ಡ ದೊಡ್ಡ ವಕೀಲರುಳ್ಳ ಎರಡು ಸರಕಾರಗಳೇ ಯಾವ ಬಾಗಿಲು ಸರಿಯೆಂದು ಇಷ್ಟು ವರ್ಷ ಕಾದಾಡಬಹುದಾದರೆ, ಮಗ್ಗದವನೊಬ್ಬ ಬಾಗಿಲು ತಪ್ಪಿದ್ದನ್ನು ಅಷ್ಟು ದೊಡ್ಡ ಅಪರಾಧವೆಂದು ಎಣಿಸುವುದು ಯಾವ ನ್ಯಾಯ?

ಒಂದು ಬಾಗಿಲು ಹತ್ತಿರ ಬಂದದ್ದನ್ನು ಸಂತೋಷದಿಂದ ಹೇಳಬೇಕು. ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ, ಉದಾಹರಣೆಗೆ ಇಚಲಕರಂಜಿಯಿಂದ ಸಾಂಗಲಿಗೆ ದಾವೆ ವರ್ಗವಾಗಬೇಕಾದರೆ ಮೊದಲು ಮುಂಬಯಿಯ ತನಕ ರಾತ್ರಿಯಿಡೀ ಪ್ರಯಾಣ ಮಾಡಬೇಕಿತ್ತು. ಆರು ಜಿಲ್ಲೆಗಳ ವಕೀಲರೂ ಜನರೂ ದಶಕಗಳ ಕಾಲ ಹೋರಾಡಿದ ಮೇಲೆ 2025ರ ಆಗಸ್ಟ್ 18ರಿಂದ ಬಾಂಬೆ ಉಚ್ಚ ನ್ಯಾಯಾಲಯದ ಪೀಠ ಕೊಲ್ಲಾಪುರದಲ್ಲಿಯೇ ಕೂಡುತ್ತಿದೆ. ಕೂಗಿದರೆ ಕೇಳಿಸುತ್ತದೆ ಎಂಬುದಕ್ಕೆ ಇದೇ ಗುರುತು. ಆದದ್ದರಿಂದ ನಾವೂ ಕೂಗಬೇಕು.

ನಾವು ಕೇಳುವುದು ಮೂರು. ಮೊದಲನೆಯದಾಗಿ, ಸಂಹಿತೆಯ ಮೊದಲ ಅನುಸೂಚಿಯ ನಿಯಮಗಳನ್ನು ತನ್ನ ಕೈಕೆಳಗಿನ ಕೋರ್ಟುಗಳಿಗಾಗಿ ತಿದ್ದುವ ಅಧಿಕಾರ 122ನೇ ಕಲಮಿನಂತೆ ಉಚ್ಚ ನ್ಯಾಯಾಲಯಕ್ಕಿದೆ. 7ನೇ ಆದೇಶ ಅದರಲ್ಲಿಯೇ ಸೇರಿದೆ. ವಾದಪತ್ರ ಮರಳಿಸುವ ಮುಂಚೆ, ಒಂದೇ ಜಿಲ್ಲೆಯ ಮಾತಾದರೆ, ಕಡತವನ್ನು ಜಿಲ್ಲಾ ನ್ಯಾಯಾಧೀಶರಿಗೆ ಕಳುಹಿಸಿ ವರ್ಗಾವಣೆಯ ಪ್ರಶ್ನೆಯನ್ನು ಕೇಳಲೇಬೇಕೆಂದು ಒಂದು ನಿಯಮ ಸೇರಿಸಲಿ. ಎರಡನೆಯದಾಗಿ, ಎರಡು ಪಕ್ಷದವರೂ ಹಾಜರಿದ್ದು ಪಾಟೀಸವಾಲು ಮುಗಿದ ಸಾಕ್ಷಿಯನ್ನು, ಕೋರ್ಟು ಬದಲಾಯಿತೆಂಬ ಒಂದೇ ಕಾರಣಕ್ಕೆ ಎಸೆಯದಂತೆ ಸಂಸತ್ತು ಕಾಯ್ದೆಯನ್ನು ತಿದ್ದಲಿ. ಮೂರನೆಯದಾಗಿ, ಅಧಿಕಾರದ ತಕರಾರನ್ನು ಎತ್ತಿ ಅದರ ತೀರ್ಮಾನ ಕೇಳದೆ ಸುಮ್ಮನೆ ಕುಳಿತವನು ಗೆದ್ದರೂ, ಅಷ್ಟು ದಿನಗಳ ಖರ್ಚನ್ನು ಅವನೇ ಕೊಡಲಿ.

ಕೇಳುವುದರ ಜೊತೆಗೆ ನಾವು ಮಾಡಬೇಕಾದದ್ದೂ ಇದೆ. ದಾವೆ ಹಾಕುವ ಮುಂಚೆ ವಕೀಲರನ್ನು ಕೇಳಿರಿ: ಎದುರಿನವನು ಎಲ್ಲಿ ವಾಸಿಸುತ್ತಾನೆ, ಹಣ ಎಲ್ಲಿ ಕೊಟ್ಟದ್ದು, ಹೊಲ ಎಲ್ಲಿದೆ, ಈ ಕೋರ್ಟೇ ಯಾಕೆ? ಕೈಫಿಯತ್ತು ಬಂದರೆ ಕೊನೆಯ ಸಾಲಿನ ತನಕ ಓದಿಸಿಕೊಳ್ಳಿರಿ. ಚೀಟಿ ಬರೆಸುವಾಗ ಹಣವನ್ನು ಎಲ್ಲಿ ಮರಳಿಸಬೇಕೆಂಬುದನ್ನೂ ಬರೆಸಿರಿ. ಕೆಲಸದಿಂದ ತೆಗೆದದ್ದೇ ಮೊದಲಾದ ಕಾರ್ಮಿಕ ಕಾನೂನಿನ ತಂಟೆಗಳನ್ನು ಸಿವಿಲ್ ಕೋರ್ಟಿಗೆ ಒಯ್ಯುವ ಮುಂಚೆ ಹತ್ತು ಸಲ ಯೋಚಿಸಿರಿ. ಕೈಗಾರಿಕಾ ವಿವಾದ ಕಾಯ್ದೆಯಿಂದಲೇ ಹುಟ್ಟಿದ ಹಕ್ಕಿಗೆ ಆ ಕಾಯ್ದೆಯೊಳಗೇ ಪರಿಹಾರ ಹುಡುಕಬೇಕೆಂದು ಸುಪ್ರೀಂ ಕೋರ್ಟು 1975ರಲ್ಲಿಯೇ 'ಪ್ರೀಮಿಯರ್ ಆಟೋಮೊಬೈಲ್ಸ್' ಮೊಕದ್ದಮೆಯಲ್ಲಿ ಹೇಳಿತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಆದದ್ದರಿಂದ ಕೇಳಿ ತಿಳಿದೇ ಹೊರಡಬೇಕು. ಕಾರ್ಮಿಕ ನ್ಯಾಯಾಲಯ ಜಿಲ್ಲಾ ನ್ಯಾಯಾಧೀಶರ ಕೈಕೆಳಗಿನದಲ್ಲ. 24ನೇ ಕಲಂ ಅಲ್ಲಿ ನಮ್ಮ ನೆರವಿಗೆ ಬರುವುದಿಲ್ಲ.

ಹಣವಿಲ್ಲವೆಂದು ಅರೆಬರೆ ಬಲ್ಲವರ ಮಾತಿಗೆ ಬೀಳಬೇಡಿರಿ. ಆ ಅರೆಬರೆ ಬಲ್ಲವರಲ್ಲಿ ನಾವೂ ಇದ್ದೆವು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಕೈಗಾರಿಕಾ ಕಾರ್ಮಿಕರಿಗೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅದು ದಾನವಲ್ಲ, ಹಕ್ಕು. ಜಿಲ್ಲಾ ಪ್ರಾಧಿಕಾರ ಕೊಲ್ಲಾಪುರದಲ್ಲಿದೆ. ಜೊತೆಗೆ ಬರಲು ನಾವು ಸಿದ್ಧರಿದ್ದೇವೆ. ಈ ಸಲ ಮೊದಲು ಕೇಳಿ, ಆಮೇಲೆ ಬುದ್ಧಿ ಹೇಳುತ್ತೇವೆ.

ಆ ಸಹೋದರ ಈಗಲೂ ನಮ್ಮ ಕೂಟಕ್ಕೆ ಬರುತ್ತಾನೆ. ನಮ್ಮ ಮೇಲೆ ಕೋಪ ಮಾಡಿದವನಲ್ಲ. ಆದರೆ ಅವನ ಗೆಳೆಯ ಕೇಳಿದ ಪ್ರಶ್ನೆ ನಮ್ಮ ನಡುವೆ ಇನ್ನೂ ಕುಳಿತಿದೆ. ಒಬ್ಬ ಬಡವನು ನ್ಯಾಯಾಸನದ ಮುಂದೆ ನಿಂತು, ಪ್ರಮಾಣ ಮಾಡಿ, ಹೆದರಿಕೆ ನುಂಗಿ ಹೇಳಿದ ಮಾತು ಎಲ್ಲಿ ಹೋಯಿತು? ಅಧಿಕಾರದಲ್ಲಿರುವವರು ಇದಕ್ಕೆ ಉತ್ತರ ಕೊಡುವ ತನಕ ನಾವು ಕೇಳುತ್ತಲೇ ಇರಬೇಕು.